ದೊಡ್ಡಪ್ಪನ ಗಿಟಾರಿನಿಂದ ತೆಗೆದ 56 ಗ್ರಾಂ

ದೊಡ್ಡಪ್ಪ ಹೋಗಿ ಎರಡು ವರ್ಷವಾದ ಮೇಲೆ ಅವರ ಗಿಟಾರ್ ನನ್ನ ಪಾಲಿಗೆ ಬಂತು. ಪೆಟ್ಟಿಗೆಯ ಚಿಲಕ ಸರಿಸಿ ಮುಚ್ಚಳ ಎತ್ತಿದಾಗ ಮೊದಲು ಎದುರಾದದ್ದು ವಾಸನೆ. ಒಣಗಿದ ಮರ, ಹಳೆಯ ಲ್ಯಾಕರ್, ಅದರ ನಡುವೆ ತೆಳ್ಳಗೆ ಕರ್ಪೂರ. ಆ ವಾಸನೆ ನನಗೆ ಆರೇಳು ವರ್ಷದವನಿದ್ದಾಗಿನಿಂದ ಗೊತ್ತು. ದೊಡ್ಡಪ್ಪ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಸಾಕು, ನಾನು ಹೋಗಿ ಅದರ ಪಕ್ಕೆಗೆ ಕಿವಿ ಒತ್ತಿ ಕೂರುತ್ತಿದ್ದೆ. ಅವರು ಆರನೇ ತಂತಿ ಮಿಡಿದರೆ ನನ್ನ ದವಡೆಯ ಎಲುಬಿನೊಳಗೆ ಗುಂಯ್ ಎನ್ನುತ್ತಿತ್ತು.

ಕೊನೆಯ ಹತ್ತು ಹನ್ನೆರಡು ವರ್ಷ ಅವರು ಅದನ್ನು ಅಷ್ಟಾಗಿ ಮುಟ್ಟಲಿಲ್ಲ. ಬ್ರಿಡ್ಜ್, ಅಂದರೆ ಗಿಟಾರಿನ ಮೈಮೇಲೆ ತಂತಿಗಳ ಬುಡ ಹಿಡಿಯುವ ಮರದ ಪಟ್ಟಿ, ಎದ್ದಿದೆ ಎಂದು ಯಾರಿಗೋ ಕೊಟ್ಟು ರಿಪೇರಿ ಮಾಡಿಸಿದ್ದರು. ವಾಪಸು ಬಂದ ದಿನ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ನುಡಿಸಿ ನಿಲ್ಲಿಸಿದರು. "ನನ್ನ ಕಿವಿ ಮಂದ ಆಯ್ತು ಕಣೋ. ಮೊದಲಿನ ಹಾಗೆ ಕೇಳ್ತಾ ಇಲ್ಲ" ಅಂದರು. ವಯಸ್ಸಾಯಿತಲ್ಲ ಎಂದು ನಾವೂ ತಲೆಯಾಡಿಸಿದೆವು. ಗಿಟಾರನ್ನು ಅನುಮಾನಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಅದು ಕೈಗೆ ಬಂದ ರಾತ್ರಿಯೇ ನಾನೊಂದು ತಪ್ಪು ಮಾಡಿದೆ. ಹಳೆಯ ತಂತಿ ತೆಗೆದು, ಹೊಸ ಸೆಟ್ ಹಾಕಿ, ಪೂರ್ತಿ ಶ್ರುತಿಗೆ ಏರಿಸಿಬಿಟ್ಟೆ. ಒಮ್ಮೆ ಕೇಳಬೇಕು ಎನ್ನುವ ಆತುರ. 12ರಿಂದ 53ರ (ಇಂಚಿನ ಸಾವಿರದ ಅಂಶದಲ್ಲಿ ತಂತಿಯ ದಪ್ಪ) ಲೈಟ್ ಸೆಟ್ ಕೂಡ ಶ್ರುತಿಗೆ ಬಂದಾಗ ಎಲ್ಲ ತಂತಿ ಸೇರಿ ಸುಮಾರು 73 ಕಿಲೋ ಎಳೆಯುತ್ತದೆ. ಒಬ್ಬ ವಯಸ್ಕ ಮನುಷ್ಯ ಬ್ರಿಡ್ಜಿಗೆ ಜೋತುಬಿದ್ದ ಹಾಗೆ. ಎಷ್ಟೋ ವರ್ಷ ಸಡಿಲ ತಂತಿಯಲ್ಲಿ ಮಲಗಿದ್ದ, ಒಣಗಿ ನಿಂತಿದ್ದ ಗಿಟಾರಿನ ಮೇಲೆ ಅಷ್ಟು ಭಾರವನ್ನು ಒಂದೇ ಸಲ ಹೇರಬಾರದಿತ್ತು. ಬೆಳಗ್ಗೆ ನೋಡಿದರೆ ಬ್ರಿಡ್ಜಿನ ಹಿಂಬದಿಯ ಅಂಚಿನ ಅಡಿಗೆ ಒಂದು ಹಾಳೆ ಸಲೀಸಾಗಿ ತೂರುತ್ತಿತ್ತು. ಒಳಕ್ಕೆ ಎಷ್ಟು ಹೋಗುತ್ತದೆಂದು ಗುರುತು ಹಾಕಿ ಅಳೆದೆ. 9 ಮಿ.ಮೀ. ಕೂಡಲೇ ತಂತಿಗಳನ್ನೆಲ್ಲ ಸಡಿಲಿಸಿದೆ.

ಆದರೆ ಆ ಒಂದು ರಾತ್ರಿಯಲ್ಲಿ ಕೇಳಿದ್ದು ನನ್ನನ್ನು ಕಾಡಿತು. ಸದ್ದು ಇತ್ತು, ಶುದ್ಧವಾಗಿಯೂ ಇತ್ತು, ಆದರೆ ಎಲ್ಲೋ ಗೋಡೆಯಾಚೆಯಿಂದ ಬಂದಂತೆ ಇತ್ತು. ಪಕ್ಕೆಗೆ ಕಿವಿ ಒತ್ತಿ ಆರನೇ ತಂತಿ ಮಿಡಿದೆ. ದವಡೆಯಲ್ಲಿ ಏನೂ ಆಗಲಿಲ್ಲ. ನನ್ನ ಕಿವಿಗೆ ಇನ್ನೂ ವಯಸ್ಸಾಗಿಲ್ಲ. ದೊಡ್ಡಪ್ಪನ ಮಾತು ನೆನಪಾಗಿ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು.

ಮುಂದಿನ ಕೆಲವು ದಿನ ನುಡಿಸದೆ ಅದನ್ನು ಬರೀ ನೋಡಿದೆ. ನುಡಿಸಿದವನ ಕೈ ಗಿಟಾರಿನ ಮೇಲೆ ಉಳಿದಿರುತ್ತದೆ. ಬೆರಳೊತ್ತುವ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ಮೊದಲ ಮೂರು ಫ್ರೆಟ್‌ಗಳಲ್ಲಿ, ಒಂದು ಮತ್ತು ಎರಡನೇ ತಂತಿಯ ಕೆಳಗೆ, ಉಗುರಿನಿಂದ ತಡವಿದರೆ ತಿಳಿಯುವಂಥ ತಗ್ಗುಗಳು. ಎರಡನೇ ತಂತಿಯ ಮೊದಲ ಫ್ರೆಟ್‌ನಲ್ಲಿ ಎಲ್ಲಕ್ಕಿಂತ ಆಳ. ಸಿ ಕಾರ್ಡ್ ಹಿಡಿಯುವಾಗ ತೋರುಬೆರಳು ಕೂರುವ ಜಾಗ ಅದು. ಐದನೇ ಫ್ರೆಟ್ ದಾಟಿದರೆ ಲೋಹ ಹೊಸದರಂತೆಯೇ ಇತ್ತು. ದೊಡ್ಡಪ್ಪ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ. ಹಾಡಿನ ಜೊತೆ ಕಾರ್ಡ್ ಹಿಡಿಯುವುದೇ ಅವರ ಸುಖವಾಗಿತ್ತು. ಬಲ ಮುಂಗೈ ಒರಗುವಲ್ಲಿ ಲ್ಯಾಕರ್ ಸವೆದು ಮರ ರೇಷ್ಮೆಯ ಹಾಗೆ ನುಣುಪಾಗಿತ್ತು. ಬೆನ್ನಿನ ನಡುವೆ ಬೆಲ್ಟಿನ ಬಕಲ್ ಗೀಚಿದ ಅರ್ಧಚಂದ್ರಗಳು. ನಿಂತು ನುಡಿಸಿದ ಕಾಲವೂ ಒಂದಿತ್ತು ಅಂತಾಯಿತು. ಅದನ್ನು ನಾನು ನೋಡಿದ್ದಿಲ್ಲ.

ಕಂಪನಿಯ ಹೆಸರು ಎಲ್ಲೂ ಇಲ್ಲ. ತಲೆಯ ಮೇಲಿನ ಅಚ್ಚು ಯಾವಾಗಲೋ ಉಜ್ಜಿಹೋಗಿದೆ, ಒಳಗಿನ ಚೀಟಿ ಉದುರಿಹೋಗಿ ಅಂಟಿನ ಚೌಕ ಮಾತ್ರ ಉಳಿದಿದೆ. ಅವರು ಅದನ್ನು 1963ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು ಎಂಬುದಷ್ಟೇ ಗೊತ್ತು. ಉಳಿದದ್ದನ್ನು ಮರವೇ ಹೇಳಬೇಕಿತ್ತು. ಟಾಪ್, ಅಂದರೆ ಮುಂಬದಿಯ ಹಲಗೆ, ಸ್ಪ್ರೂಸ್, ಬೆನ್ನು ಮತ್ತು ಪಕ್ಕೆ ಮಹಾಗನಿ, ಬ್ರಿಡ್ಜ್ ಮತ್ತು ಫಿಂಗರ್‌ಬೋರ್ಡ್ ರೋಸ್‌ವುಡ್. ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ಬಾಡಿಯನ್ನು ಸೇರುವುದು 14ನೇ ಫ್ರೆಟ್‌ನಲ್ಲಿ. ಆಕಾರ ಡ್ರೆಡ್‌ನಾಟ್. 1916ರಲ್ಲಿ ಅಮೆರಿಕದ ಗಿಟಾರ್ ತಯಾರಕ ಮಾರ್ಟಿನ್ ಕಂಪನಿ ಡಿಟ್ಸನ್ ಎಂಬ ಸಂಗೀತ ಮಳಿಗೆಗಾಗಿ ಮೊದಲು ಮಾಡಿ, 1931ರಲ್ಲಿ ತನ್ನದೇ ಹೆಸರಿನಲ್ಲಿ ಹೊರತಂದ, ಆಮೇಲೆ ಎಲ್ಲ ತಯಾರಕರೂ ಅನುಸರಿಸಿದ ದೊಡ್ಡ ಮೈಯ ಆಕಾರ ಅದು. ತಲೆಯ ಮೇಲೆ ಚಿಕ್ಕ ಮುಚ್ಚಳದಡಿ, ನೆಕ್ಕಿನೊಳಗೆ ಹಾಯುವ ಲೋಹದ ಸರಳಿನ, ಅಂದರೆ ಟ್ರಸ್ ರಾಡಿನ ನಟ್ಟು.

ಆ್ಯಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಯ ಎತ್ತರ, ಅಳೆದರೆ 12ನೇ ಫ್ರೆಟ್‌ನಲ್ಲಿ ಆರನೇ ತಂತಿ 4.5 ಮಿ.ಮೀ. ಮೇಲಿತ್ತು. ಬೆರಳು ಕಣ್ಣೀರು ಹಾಕುವಷ್ಟು. ಟ್ರಸ್ ರಾಡ್ ತಿರುಗಿಸಿದರೆ ಇಳಿಯುತ್ತದೆ ಎಂದು ಅಲ್ಲಿಯವರೆಗೆ ನಾನೂ ನಂಬಿದ್ದೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟ್ ಪಡೆದ ಆ ಸರಳು ಮಾಡುವ ಕೆಲಸ ಒಂದೇ. ತಂತಿಯ ಎಳೆತಕ್ಕೆ ನೆಕ್ ಬಿಲ್ಲಿನಂತೆ ಬಾಗದ ಹಾಗೆ ಹಿಡಿಯುವುದು. ನೆಕ್ ನೇರವಾಗಿದ್ದು, ಅದು ಬಾಡಿಗೆ ಕೂತಿರುವ ಕೋನವೇ ಮುಂದಕ್ಕೆ ವಾಲಿದ್ದರೆ ರಾಡ್ ಏನು ಮಾಡೀತು? ಫ್ರೆಟ್‌ಗಳ ಮೇಲೆ ಉದ್ದದ ಸ್ಟೀಲ್ ಪಟ್ಟಿ ಇಟ್ಟೆ. ಸರಿಯಿರುವ ಗಿಟಾರಿನಲ್ಲಿ ಅದರ ತುದಿ ಬ್ರಿಡ್ಜಿನ ನೆತ್ತಿಗೆ ತಾಗಬೇಕು. ಇಲ್ಲಿ ಅದು ಬ್ರಿಡ್ಜಿನ ಮುಂಗೋಡೆಗೆ, ನೆತ್ತಿಗಿಂತ ಸುಮಾರು 4 ಮಿ.ಮೀ. ಕೆಳಗೆ ಗುದ್ದಿತು. ಬ್ರಿಡ್ಜಿನ ಮೇಲೆ ತಂತಿ ಒರಗುವ ತೆಳು ಪಟ್ಟಿ, ಸ್ಯಾಡಲನ್ನು ಉಜ್ಜಿ ಉಜ್ಜಿ ಹಲ್ಲಿನ ಬೇರಿನಷ್ಟು ಉಳಿಸಿದ್ದರು.

ಆಮೇಲೆ ಟಾಪಿನ ನಡುವಿನ ದುಂಡು ತೂತು, ಸೌಂಡ್‌ಹೋಲಿನೊಳಗೆ ಚಿಕ್ಕ ಕನ್ನಡಿ, ಎಲ್‌ಇಡಿ ದೀಪ ಇಳಿಸಿ ನೋಡಿದೆ. ಆ ಕ್ಷಣ ಇನ್ನೂ ಕಣ್ಣಿಗೆ ಕಟ್ಟಿದೆ. ಟಾಪಿನ ಒಳಮೈಯಲ್ಲಿ ಜೇನಿನ ಬಣ್ಣದ ಸ್ಪ್ರೂಸ್, ಅದರ ಮೇಲೆ ಎಕ್ಸ್ ಆಕಾರದ ಬ್ರೇಸ್‌ಗಳು, ಅಂದರೆ ಟಾಪಿಗೆ ಆಸರೆಯಾದ ಮರದ ಪಟ್ಟಿಗಳು, ಅಂಚಿನಲ್ಲಿ ಹಳೆಯ ಅಂಟಿನ ಹನಿಗಳು ಗಾಜಿನಂತೆ ಹೊಳೆಯುತ್ತಿದ್ದವು. ಎಲ್ಲವೂ ತೆಳು, ಎಲ್ಲವೂ ಹಗುರ. ನಡುವೆ, ಬ್ರಿಡ್ಜಿನ ಕೆಳಗೆ, ಆ ಹಗುರಕ್ಕೆ ಸಂಬಂಧವೇ ಇಲ್ಲದ ಒಂದು ದಪ್ಪ ಹಲಗೆ. 18 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪ. ಸುತ್ತಲೂ ಬಿಳಿ ಅಂಟು ಉಕ್ಕಿ ಗಟ್ಟಿಯಾಗಿತ್ತು. ಎರಡು ಸ್ಟೀಲ್ ಬೋಲ್ಟ್ ಬ್ರಿಡ್ಜನ್ನೂ ಟಾಪನ್ನೂ ಆ ಹಲಗೆಯನ್ನೂ ತೂರಿ ಬಂದು, ನಟ್ಟು ವಾಷರ್ ಸಮೇತ ಬಿಗಿಯಾಗಿ ಕೂತಿದ್ದವು. ಮತ್ತೆ ಏಳಬಾರದು ಎಂಬ ಒಂದೇ ಯೋಚನೆಯಿಂದ ಮಾಡಿದ ರಿಪೇರಿ. ಮಾಡಿದವರ ಉದ್ದೇಶ ಕೆಟ್ಟದಿರಲಿಲ್ಲ ಎಂದೇ ನಂಬುತ್ತೇನೆ. ಅವರು ಗಿಟಾರನ್ನು ಪೀಠೋಪಕರಣದ ಹಾಗೆ ಕಂಡಿದ್ದರು, ಅಷ್ಟೆ.

ನನಗೆ ತಿಳಿದವರೊಬ್ಬರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ತಂತಿವಾದ್ಯಗಳ ರಿಪೇರಿಯನ್ನೇ ಮಾಡುತ್ತ ಬಂದಿದ್ದಾರೆ. ಎಲ್ಲರೂ ಮೇಷ್ಟ್ರು ಎನ್ನುತ್ತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. ಅವರು ಗಿಟಾರನ್ನು ಎರಡು ಬೆರಳಲ್ಲಿ ತಲೆಯ ಬಳಿ ಹಿಡಿದು ತೂಗಿಸಿ, ಬೆರಳ ಗೆಣ್ಣಿನಿಂದ ಬ್ರಿಡ್ಜಿನ ಮೇಲೆ ಮೆಲ್ಲಗೆ ಬಡಿದರು. ಟಕ್. "ಇದು ಬಾಗಿಲ ಸದ್ದು" ಅಂದರು. ಆಮೇಲೆ ಅಂಚಿನ ಹತ್ತಿರ ಬಡಿದರು. ಅಲ್ಲಿ ಡುಮ್ ಎಂದಿತು. "ಜೀವ ಇದೆ. ಮೇಲೆ ಕಲ್ಲು ಹೇರಿದ್ದಾರೆ."

ಇನ್ನೊಂದು ಪರೀಕ್ಷೆ ತೋರಿಸಿದರು. ಸೌಂಡ್‌ಹೋಲಿಗೆ ಬಾಯಿ ಹತ್ತಿರ ತಂದು, ಕೆಳಗಿನ ಸ್ವರದಿಂದ ಮೆಲ್ಲನೆ ಮೇಲಕ್ಕೆ ಗುನುಗುತ್ತ ಹೋಗುವುದು. ಯಾವುದೋ ಒಂದು ಸ್ವರಕ್ಕೆ ಇಡೀ ಪೆಟ್ಟಿಗೆ ಓಗೊಡುತ್ತದೆ, ಬೆನ್ನ ಮೇಲಿಟ್ಟ ಅಂಗೈ ನಡುಗುತ್ತದೆ. ಒಳಗಿನ ಗಾಳಿಯ ಸಹಜ ಕಂಪನ ಅದು. ಈ ಗಾತ್ರದ ಗಿಟಾರಿನಲ್ಲಿ ಸಾಮಾನ್ಯವಾಗಿ 100 ಹರ್ಟ್ಸ್‌ನ ಆಸುಪಾಸು, ಅಂದರೆ ಆರನೇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರದ ಹತ್ತಿರ. ಟಾಪ್ ಎಷ್ಟು ಸಲೀಸಾಗಿ ಅಲುಗುತ್ತದೋ ಅಷ್ಟು ಈ ಸ್ವರ ಕೆಳಗಿಳಿಯುತ್ತದೆ. ನಮ್ಮದು ಜಿ ಶಾರ್ಪ್ ಕೂಡ ದಾಟಿದ ಮೇಲೆ, ಅದೂ ಅರೆಮನಸ್ಸಿನಿಂದ, ಓಗೊಟ್ಟಿತು. ಮೇಷ್ಟ್ರು ಅದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದರು.

ಗಿಟಾರಿನ ಟಾಪ್ ಎಂದರೆ ಸುಮಾರು 2.8 ಮಿ.ಮೀ. ದಪ್ಪದ ಹಲಗೆ. ಇದರ ಅಳತೆಯಿಂದ ಲೆಕ್ಕ ಹಾಕಿದರೆ ಬ್ರೇಸ್ ಬಿಟ್ಟು ತೂಕ ಸುಮಾರು 180 ಗ್ರಾಂ. 73 ಕಿಲೋ ಎಳೆತವನ್ನು ತಡೆಯಬೇಕು, ಆದರೆ ಬೆರಳ ತುದಿಯ ಮಿಡಿತಕ್ಕೆ ಅಲುಗಲೂ ಬೇಕು. ಈ ಎರಡು ಬೇಡಿಕೆಗಳ ನಡುವೆ ಸಿಕ್ಕ ಹಾದಿಯೇ ಎಕ್ಸ್ ಬ್ರೇಸಿಂಗ್. ಅಮೆರಿಕದಲ್ಲಿ 1840ರ ದಶಕದಲ್ಲಿ, ಕರುಳಿನ ತಂತಿಯ ಕಾಲದಲ್ಲೇ ರೂಪುಗೊಂಡದ್ದು ಅದು. ಮುಂದೆ ಸ್ಟೀಲ್ ತಂತಿ ಬಂದಾಗ ಆ ಎಳೆತವನ್ನೂ ಅದೇ ಹೊತ್ತುಕೊಂಡಿತು. ಬ್ರೇಸಿನ ಎತ್ತರದ ಲೆಕ್ಕವಂತೂ ನಿರ್ದಾಕ್ಷಿಣ್ಯ. ಎತ್ತರ ಅರ್ಧವಾದರೆ ಬಿಗುಪು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಒಂದೊಂದು ಮಿಲಿಮೀಟರಿಗೂ ಬೆಲೆ ಇದೆ. ಮಾರ್ಟಿನ್ ಕಂಪನಿ 1944ರ ಕೊನೆಯಲ್ಲಿ, ನುಡಿಸುವವರು ದಪ್ಪ ದಪ್ಪ ತಂತಿ ಹಾಕುತ್ತಿದ್ದುದರಿಂದ, ಬ್ರೇಸ್‌ಗಳನ್ನು ಕೆತ್ತಿ ಹಗುರ ಮಾಡುವುದನ್ನು ನಿಲ್ಲಿಸಿತು. ಜನ ಹಳೆಯ ಸದ್ದನ್ನೇ ಹುಡುಕಿಕೊಂಡು ಹೋದರು. 1976ರಲ್ಲಿ ಎಚ್‌ಡಿ-28 ಎಂಬ ಮಾದರಿಯಲ್ಲಿ ಆ ಕೆತ್ತನೆ ಮರಳಿ ಬಂತು. ಗಟ್ಟಿತನಕ್ಕೂ ದನಿಗೂ ನಡುವಿನ ಈ ಎಳೆದಾಟ ಗಿಟಾರ್ ಮಾಡುವವರ ಮನೆಯಲ್ಲೇ ನಡೆದಿದೆ. ದೊಡ್ಡಪ್ಪನ ಗಿಟಾರಿನಲ್ಲಿ ಅದು ಒಂದು ಕಡೆಗೆ ಪೂರ್ತಿ ಜಗ್ಗಿಹೋಗಿತ್ತು.

ಕೆಲಸ ಶುರುವಾದದ್ದು ಮಾತ್ರ ಏನೂ ಮಾಡದೆ ಕಾಯುವುದರಿಂದ. ಪೆಟ್ಟಿಗೆಯೊಳಗಿನ ತೇವಮಾಪಕ 29 ಶೇಕಡ ತೋರಿಸುತ್ತಿತ್ತು. ಗಿಟಾರಿಗೆ 45ರಿಂದ 50 ಬೇಕು. ಒಣಗಿದ ಮರ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಕುಗ್ಗಲು ಜಾಗವಿಲ್ಲದಿದ್ದರೆ ಸೀಳುತ್ತದೆ. ಟಾಪಿಗೆ ಗೀರು ಬೀಳದಂತೆ ಅಂಟಿಸಿದ ತೆಳು ಹಾಳೆ, ಪಿಕ್‌ಗಾರ್ಡಿನ ಕೆಳಅಂಚಿನ ಗುಂಟ, ಬ್ರಿಡ್ಜಿನಿಂದ ಸೌಂಡ್‌ಹೋಲಿನ ಕಡೆಗೆ 11 ಸೆಂ.ಮೀ. ಬಿರುಕು ಹರಿದಿತ್ತು. ಕರ್ಪೂರದ ವಾಸನೆಯ ಗುಟ್ಟೂ ಅಲ್ಲೇ ಇತ್ತು. ಆ ಕಾಲದ ಪಿಕ್‌ಗಾರ್ಡ್ ಸೆಲ್ಯುಲಾಯ್ಡ್‌ನದು. ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಬಾಗುವಂತೆ ಮಾಡಿದ ಪ್ಲಾಸ್ಟಿಕ್ ಅದು. ದಶಕಗಳಲ್ಲಿ ಕರ್ಪೂರ ಹಾರಿಹೋಗುತ್ತ ಹೋದಂತೆ ಹಾಳೆ ಕುಗ್ಗುತ್ತದೆ. ಬರೀ ಮರಕ್ಕೆ ನೇರವಾಗಿ ಅಂಟಿಸಿದ್ದರೆ ಕುಗ್ಗುವಾಗ ಮರವನ್ನೂ ತನ್ನ ಜೊತೆ ಎಳೆದು ಸೀಳುತ್ತದೆ. ನಾನು ಚಿಕ್ಕಂದಿನಿಂದ ಪ್ರೀತಿಸಿದ ಆ ವಾಸನೆಯೇ ಆ ಬಿರುಕು ಹುಟ್ಟುತ್ತಿದ್ದ ಸುದ್ದಿಯಾಗಿತ್ತು.

ಒದ್ದೆ ಸ್ಪಂಜನ್ನು ತೂತುಗಳಿದ್ದ ಡಬ್ಬಿಯಲ್ಲಿಟ್ಟು ಪೆಟ್ಟಿಗೆಯೊಳಗೆ ಸೇರಿಸಿ ಮುಚ್ಚಿದೆವು. ಐದು ವಾರ. ಅಂಕಿ 48ಕ್ಕೆ ಬಂದು ನಿಂತಾಗ ಬಿರುಕಿನ ಬಾಯಿ ತಾನಾಗಿ ಮುಚ್ಚಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಗೆರೆ ಕಾಣುತ್ತಿತ್ತು. ಮೊದಲೇ ಅಂಟು ತುಂಬಿದ್ದರೆ ತೆರೆದ ಬಾಯಿಯನ್ನೇ ಶಾಶ್ವತ ಮಾಡಿದಂತಾಗುತ್ತಿತ್ತು ಎಂದರು ಮೇಷ್ಟ್ರು. ಪಿಕ್‌ಗಾರ್ಡನ್ನು ಹದವಾಗಿ ಬಿಸಿ ಮಾಡಿ ಬಿಡಿಸಿದೆವು. ಸೆಲ್ಯುಲಾಯ್ಡ್ ಬೆಂಕಿಗೆ ಭಗ್ಗೆನ್ನುವ ವಸ್ತು, ಹಾಗಾಗಿ ಅದರ ಹತ್ತಿರ ಯಾವ ಜ್ವಾಲೆಯೂ ಇರಲಿಲ್ಲ. ಬಿರುಕಿಗೆ ಹೈಡ್ ಗ್ಲೂ ಉಣ್ಣಿಸಿ, ಒಳಗಿನಿಂದ 1 ಮಿ.ಮೀ. ದಪ್ಪದ ಸ್ಪ್ರೂಸ್ ಚೂರುಗಳನ್ನು ಎಳೆ ಅಡ್ಡ ಬರುವಂತೆ ಅಂಟಿಸಿದೆವು. ಮೂರೇ ಚೂರು. ನಾನು ಐದು ಕೊಯ್ದಿಟ್ಟಿದ್ದೆ, ಅವರು ಎರಡನ್ನು ವಾಪಸು ಕೊಟ್ಟರು.

ಹೈಡ್ ಗ್ಲೂ ಬಗ್ಗೆ ಇಷ್ಟು ಹೇಳಲೇಬೇಕು. ಪ್ರಾಣಿಗಳ ಚರ್ಮ ಕುದಿಸಿ ತೆಗೆದ, ಸಕ್ಕರೆ ಹರಳಿನಂಥ ಕಾಳುಗಳು. ತಣ್ಣೀರಲ್ಲಿ ನೆನೆಸಿ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು 60 ಡಿಗ್ರಿಗೆ ಕಾಯಿಸಬೇಕು. ಬ್ರಷ್‌ನಿಂದ ಹಚ್ಚಿದ ಮೇಲೆ ಒಂದು ನಿಮಿಷವೂ ಕಾಯುವುದಿಲ್ಲ, ಜೆಲ್ಲಿಯಾಗಿಬಿಡುತ್ತದೆ. ಹಾಗಾಗಿ ಮರವನ್ನೂ ಬೆಚ್ಚಗೆ ಮಾಡಿಕೊಂಡು, ಕ್ಲ್ಯಾಂಪುಗಳನ್ನು ಮೊದಲೇ ಒಣ ಅಭ್ಯಾಸ ಮಾಡಿಕೊಂಡು ಕೂರಬೇಕು. ಇಷ್ಟು ಕಷ್ಟಪಟ್ಟದ್ದಕ್ಕೆ ಅದು ಗಾಜಿನಂತೆ ಗಡುಸಾಗಿ ಒಣಗುತ್ತದೆ, ಎಳೆತಕ್ಕೆ ಜಾರುವುದಿಲ್ಲ. ನಾಳೆ ಯಾರಾದರೂ ಬಿಚ್ಚಬೇಕೆಂದರೆ ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಡುತ್ತದೆ. ಇನ್ನೊಬ್ಬ ಕೆಲಸಗಾರನಿಗೆ ಬಾಗಿಲು ತೆರೆದಿಟ್ಟು ಹೋಗುವ ಅಂಟು.

ಬೋಲ್ಟ್‌ಗಳು ಸುಲಭವಾಗಿ ಬಂದವು. ಹಲಗೆ ಬರಲಿಲ್ಲ. ಒಳಗಿನಿಂದ ಬಿಸಿ ಮಾಡಿದ ಅಲ್ಯೂಮಿನಿಯಂ ಗಟ್ಟಿಯನ್ನು ಹಲಗೆಗೆ ಒತ್ತಿಹಿಡಿದು, ಬಿಳಿ ಅಂಟು ಮೆತ್ತಗಾಗುವವರೆಗೆ ಕಾದು, ಬಾಗಿಸಿದ ತೆಳು ಚಾಕುವನ್ನು ಅಂಚಿನಲ್ಲಿ ತೂರಿಸಬೇಕು. ಕೈ ಸೌಂಡ್‌ಹೋಲಿನೊಳಗೆ, ಕಣ್ಣು ಕನ್ನಡಿಯಲ್ಲಿ, ಕನ್ನಡಿಯಲ್ಲಿ ಎಡ ಬಲವಾಗಿ ಕಾಣುತ್ತದೆ. ಚಾಕು ಮರದ ಎಳೆಯೊಳಗೆ ಇಳಿದರೆ ಟಾಪ್ ಹೋಯಿತು. ಮೇಷ್ಟ್ರು ಚಾಕುವನ್ನು ತಳ್ಳುತ್ತಿರಲಿಲ್ಲ, ಅದು ತಾನಾಗಿ ಮುಂದೆ ಹೋಗುವುದನ್ನು ಕಾಯುತ್ತಿದ್ದರು. ಹಲಗೆ ಪೂರ್ತಿ ಬಿಡಲು ಎರಡು ಸಂಜೆ ಹಿಡಿಯಿತು. ಕೊನೆಯಲ್ಲಿ ಚಟ್ ಎಂದು ಬಿಟ್ಟು ನನ್ನ ಅಂಗೈಗೆ ಬಿತ್ತು. ಅದರ ಅಡಿಯಲ್ಲಿ, ನಾವು ಬಯಸಿದ್ದಕ್ಕಿಂತ ಹೆಚ್ಚಾಗಿ, ಬ್ರಿಡ್ಜಿಗೆ ಒಳಗಿನಿಂದ ಆಸರೆಯಾಗುವ ಮೂಲದ ಮೇಪಲ್ ಹಲಗೆ, ಬ್ರಿಡ್ಜ್ ಪ್ಲೇಟ್, ಹಾಗೇ ಇತ್ತು. 2.5 ಮಿ.ಮೀ. ದಪ್ಪ. ತಂತಿಯ ತುದಿಯ ಗುಂಡುಗಳು ಕಚ್ಚಿ ಕಚ್ಚಿ ತೂತುಗಳ ಬಾಯಿ ಹರಿದಿತ್ತು, ಅಷ್ಟೆ. ಹರಿದಷ್ಟನ್ನು ಮಾತ್ರ ಕೆರೆದು ಬಟನ್ನಿನಂಥ ಮೇಪಲ್ ತುಣುಕು ಕೂರಿಸಿದೆವು. ಕೆಳಗಿನ ಒಂದು ಬ್ರೇಸ್ 4 ಸೆಂ.ಮೀ. ಬಿಟ್ಟುಕೊಂಡಿತ್ತು. ಅದನ್ನೂ ಅಂಟಿಸಿದೆವು.

ತೆಗೆದದ್ದನ್ನೆಲ್ಲ ತಕ್ಕಡಿಗೆ ಹಾಕಿದೆ. ಹಲಗೆ 40 ಗ್ರಾಂ, ಬೋಲ್ಟು ನಟ್ಟು ವಾಷರ್ 16. ಒಟ್ಟು 56 ಗ್ರಾಂ. 180 ಗ್ರಾಂನ ಹಲಗೆಯ ಮೇಲೆ, ಅದೂ ಎಲ್ಲಕ್ಕಿಂತ ಹೆಚ್ಚು ಅಲುಗಬೇಕಾದ ಜಾಗದಲ್ಲಿ, ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಹೆಚ್ಚುವರಿ ಭಾರ. ತಕ್ಕಡಿಯ ಅಂಕಿ ನೋಡುತ್ತ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ದೊಡ್ಡಪ್ಪನ ಕಿವಿ ಸರಿಯಾಗಿಯೇ ಇತ್ತು.

ಬ್ರಿಡ್ಜನ್ನು ಬಿಡಿಸಿ, ಬೋಲ್ಟಿನ ತೂತುಗಳಿಗೆ ರೋಸ್‌ವುಡ್ ತುಂಬಿ, ಮತ್ತೆ ಹೈಡ್ ಗ್ಲೂನಿಂದ ಕೂರಿಸಿದ್ದು ಸಲೀಸಾಗಿ ಆಯಿತು. ನೆಕ್ ಹಾಗಲ್ಲ.

ನೆಕ್ ಬಾಡಿಗೆ ಸೇರಿರುವುದು ಡವ್‌ಟೇಲ್ ಗಂಟಿನಲ್ಲಿ. ಪಾರಿವಾಳದ ಬಾಲದಂತೆ ಹೊರಕ್ಕೆ ಅಗಲವಾಗುವ ನಾಲಿಗೆ, ಅದಕ್ಕೆ ತಕ್ಕ ಗುಳಿ. ಬಿಡಿಸಲು ಹಬೆಯೊಂದೇ ದಾರಿ. 15ನೇ ಫ್ರೆಟ್ ಕಿತ್ತು, ಅದು ಕೂತಿದ್ದ ಸೀಳಿನಲ್ಲಿ ಸಣ್ಣ ತೂತು ಕೊರೆದರೆ ಅದು ನೇರ ಗಂಟಿನ ಒಳಗಿನ ಖಾಲಿ ಜಾಗಕ್ಕೆ ಇಳಿಯುತ್ತದೆ. ಟಾಪಿಗೆ ಅಂಟಿದ ಫಿಂಗರ್‌ಬೋರ್ಡಿನ ತುದಿಯನ್ನು ಮೊದಲು ಬಿಸಿ ಪಟ್ಟಿಯಿಟ್ಟು ಬಿಡಿಸಿದೆವು. ಆಮೇಲೆ ಪ್ರೆಶರ್ ಕುಕ್ಕರಿನ ಬಾಯಿಗೆ ನಳಿಕೆ, ನಳಿಕೆಯ ತುದಿಗೆ ಸೂಜಿ, ಸೂಜಿ ಆ ತೂತಿಗೆ. ಸುತ್ತಲಿನ ಲ್ಯಾಕರಿಗೆ ಮೇಣ ಸವರಿದ್ದೆವು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ನೆಕ್ಕಿನ ಬುಡ, ಹೀಲಿನ ಬದಿಯಿಂದ ಕಂದು ನೀರು ಹನಿಯಿತು, ಒದ್ದೆ ಚರ್ಮದ ನಾತ ಕೋಣೆ ತುಂಬಿತು. ಅರವತ್ತು ವರ್ಷಕ್ಕೂ ಹಳೆಯ ಅಂಟು ಕರಗುತ್ತಿತ್ತು. ಮೇಷ್ಟ್ರು ಹೀಲಿನ ಕೆಳಗೆ ಜ್ಯಾಕ್ ಕೂರಿಸಿ ಕಾಲು ಸುತ್ತು, ನಿಲ್ಲಿಸಿ ಹಬೆ, ಮತ್ತೆ ಕಾಲು ಸುತ್ತು. ನಾನು ಬಾಡಿ ಹಿಡಿದು ನಿಂತಿದ್ದೆ. ಒಂದು ಹಂತದಲ್ಲಿ ಅಂಗೈಯೊಳಗೆ ಏನೋ ಸಡಿಲಗೊಂಡದ್ದು ತಿಳಿಯಿತು. ಸದ್ದು ಕೇಳುವ ಮೊದಲೇ ಕೈಗೆ ತಿಳಿಯಿತು. ನೆಕ್ ಮೇಲೆದ್ದು ಬಂತು.

ಹೀಲಿನ ಒಂದು ಬದಿಯಲ್ಲಿ ಲ್ಯಾಕರ್ ಹಬೆಗೆ ಬೆಳ್ಳಗೆ ಮಂಜಾಗಿಬಿಟ್ಟಿತು. ನನ್ನ ಎದೆ ಧಸಕ್ಕೆಂದಿತು. ಒಳಗೆ ಸಿಕ್ಕ ತೇವ ಅದು, ನಿಧಾನಕ್ಕೆ ಆರುವ ಥಿನ್ನರ್ ಸ್ವಲ್ಪ ಸೋಕಿಸಿದರೆ ಲ್ಯಾಕರ್ ಬಾಯಿಬಿಟ್ಟು ತೇವ ಹೊರಹೋಗುತ್ತದೆ ಎಂದರು. ವಾರದ ಬಳಿಕ ಹಾಗೆಯೇ ಮಾಡಿದರು. ಈಗ ಹುಡುಕಿದರೂ ಕಾಣುವುದಿಲ್ಲ.

ಎಷ್ಟು ಕೆತ್ತಬೇಕು ಎನ್ನುವುದಕ್ಕೆ ಶಾಲೆಯ ಗಣಿತ ಸಾಕು. 12ನೇ ಫ್ರೆಟ್‌ನಲ್ಲಿ 4.5 ಇದ್ದ ಆ್ಯಕ್ಷನ್ 2.5 ಆಗಬೇಕು. ತಂತಿಯ ನಟ್ಟನಡುವೆ 2 ಇಳಿಯಬೇಕೆಂದರೆ ಸ್ಯಾಡಲಿನ ಬಳಿ 4 ಮಿ.ಮೀ. ವ್ಯತ್ಯಾಸ. ಬಾಡಿ ಸೇರುವ ಜಾಗದಿಂದ ಸ್ಯಾಡಲ್‌ಗೆ 287 ಮಿ.ಮೀ., ಹೀಲಿನ ಉದ್ದ 90. ನಾಲ್ಕನ್ನು ತೊಂಬತ್ತರಿಂದ ಗುಣಿಸಿ 287ರಿಂದ ಭಾಗಿಸಿದರೆ 1.25. ಹೀಲಿನ ತಳದಲ್ಲಿ ಒಂದೂಕಾಲು ಮಿಲಿಮೀಟರ್, ಮೇಲೆ ಸೊನ್ನೆ. ಅಷ್ಟೇ ಬೆಣೆಯಾಕಾರದ ಚಕ್ಕೆ. ಉಳಿಯಿಂದ ಒಳಭಾಗವನ್ನು ತೋಡಿ ಅಂಚು ಮಾತ್ರ ಉಳಿಸಿಕೊಂಡು, ನೆಕ್ ಕೂರಿಸಿ, ಹೀಲಿಗೂ ಬಾಡಿಗೂ ನಡುವೆ ಮರಳುಕಾಗದದ ಪಟ್ಟಿ ಇಟ್ಟು ಎಳೆಯುವುದು, ತೆಗೆದು ನೋಡುವುದು, ಡವ್‌ಟೇಲಿಗೆ ಸೀಮೆಸುಣ್ಣ ಬಳಿದು ಎಲ್ಲಿ ಉಜ್ಜುತ್ತದೆ ಎಂದು ಗುರುತಿಸುವುದು, ಮತ್ತೆ ಕೂರಿಸುವುದು. ಆ ಕೆಲಸವನ್ನು ಅವರು ನನ್ನ ಕೈಯಲ್ಲೇ ಮಾಡಿಸಿದರು. ನಲವತ್ತಕ್ಕೂ ಹೆಚ್ಚು ಸಲ ಕೂರಿಸಿ ತೆಗೆದಿರಬೇಕು. ಸಡಿಲಾದ ಗುಳಿಗೆ ತೆಳು ಮಹಾಗನಿ ಚಕ್ಕೆ ಸೇರಿಸಿದ ಮೇಲೆ, ಅಂಟಿಲ್ಲದೆಯೇ, ತಂತಿಯಿಲ್ಲದೆಯೇ, ಗಿಟಾರನ್ನು ನೆಕ್ ಹಿಡಿದು ಎತ್ತುವಷ್ಟು ಬಿಗಿಯಾಯಿತು. "ಅಂಟು ಇದಕ್ಕೆ ಸಹಿ ಹಾಕೋದು ಮಾತ್ರ" ಅಂದರು.

ಫ್ರೆಟ್‌ಗಳಲ್ಲಿ ಮೊದಲ ನಾಲ್ಕನ್ನು ಮಾತ್ರ ಬದಲಿಸಿದೆವು. ನಿಕಲ್ ಸಿಲ್ವರ್ ಎನ್ನುತ್ತಾರೆ, ಬೆಳ್ಳಿ ಒಂದು ಕಣವೂ ಇಲ್ಲ. ತಾಮ್ರ, ಸತು, ನಿಕಲ್ ಮಿಶ್ರಣ. ಕಿತ್ತ ನಾಲ್ಕನ್ನು ನಾನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಆ ತಗ್ಗುಗಳು ಬೇರೆ ಯಾರಿಗೂ ಸೇರಿದವಲ್ಲ.

ಮೈಗೆ ಹೊಸ ಪಾಲಿಶ್ ಹೊಡೆಸುವ ಮಾತನ್ನು ಹಲವರು ಎತ್ತಿದರು. ಖಂಡಿತ ಬೇಡ ಎಂದೆ. ಮೇಷ್ಟ್ರು ಕತ್ತಲಲ್ಲಿ ನೇರಳಾತೀತ ದೀಪ ಹಿಡಿದು ತೋರಿಸಿದ್ದರು. ಹಳೆಯ ನೈಟ್ರೋ ಲ್ಯಾಕರ್ ಹಸಿರು ಬೆರೆತ ಹಳದಿಯಾಗಿ ಮಿನುಗುತ್ತದೆ. ಬ್ರಿಡ್ಜಿನ ಸುತ್ತ, ಹಿಂದಿನ ರಿಪೇರಿಯಲ್ಲಿ ಬಳಿದಿದ್ದ ಕಡೆ ಮಾತ್ರ ಕಪ್ಪು ಕಲೆ. ಉಳಿದ ಮೈಯೆಲ್ಲ ಹುಟ್ಟಿದಾಗಿನದೇ. ಎಷ್ಟು ತೆಳು ಎಂದರೆ ಸ್ಪ್ರೂಸಿನ ಎಳೆಗಳ ಏರಿಳಿತ ಬೆರಳಿಗೆ ಸಿಗುತ್ತದೆ. ಅದನ್ನು ಉಜ್ಜಿ ತೆಗೆದು ದಪ್ಪ ಪದರ ಹೊದಿಸಿದರೆ ಇನ್ನೊಂದು ಹಲಗೆ ಅಂಟಿಸಿದ ಹಾಗೆ.

ಮೂಳೆಯ ಹೊಸ ಸ್ಯಾಡಲ್ ಹಾಕಿ ತಂತಿ ಏರಿಸಿದ್ದು ಮೂರು ದಿನಗಳಲ್ಲಿ. ಮೊದಲ ದಿನ ಎರಡು ಸ್ವರ ಕೆಳಗೆ, ಮರುದಿನ ಒಂದು, ಮೂರನೇ ದಿನ ಪೂರ್ತಿ ಶ್ರುತಿ. ಆ ಸಂಜೆ ಮೊದಲು ಸೌಂಡ್‌ಹೋಲಿಗೆ ಗುನುಗಿದೆ. ಜಿ ಹತ್ತಿರ ಬರುತ್ತಿದ್ದಂತೆ ಪೆಟ್ಟಿಗೆ ನನ್ನ ದನಿಯನ್ನು ಕಸಿದುಕೊಂಡಿತು, ಬೆನ್ನ ಮೇಲಿನ ಅಂಗೈ ಜುಮ್ಮೆಂದಿತು. ಆಮೇಲೆ ಆರನೇ ತಂತಿ. ಪಕ್ಕೆಗೆ ಕಿವಿ ಒತ್ತಿಕೊಂಡಿದ್ದೆ. ದವಡೆಯ ಎಲುಬಿನೊಳಗೆ ಗುಂಯ್.

ಸದ್ದು ಹೇಗಿದೆ ಎಂದು ಕೇಳಿದವರಿಗೆ ಒಂದು ವಿಷಯ ಹೇಳುತ್ತೇನೆ. ಹೆಚ್ಚು ಹೊತ್ತು ನಿಲ್ಲುವ ಸದ್ದೇ ಒಳ್ಳೆಯ ಸದ್ದು ಎಂದು ನಾನು ತಿಳಿದಿದ್ದೆ. ಈ ಗಿಟಾರ್ ಹಲಗೆ ಹೊತ್ತಿದ್ದಾಗಲೇ ಸ್ವರ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಭಾರದ ಟಾಪ್ ತಂತಿಯ ಶಕ್ತಿಯನ್ನು ಬೇಗ ತೆಗೆದುಕೊಳ್ಳುವುದಿಲ್ಲ, ತಂತಿ ತನ್ನಷ್ಟಕ್ಕೆ ತಾನು ಅಲುಗುತ್ತಲೇ ಇರುತ್ತದೆ. ಹಗುರ ಟಾಪ್ ಮಿಡಿದ ಕ್ಷಣವೇ ಆ ಶಕ್ತಿಯನ್ನು ಎತ್ತಿಕೊಂಡು ಗಾಳಿಗೆ ಕೊಟ್ಟುಬಿಡುತ್ತದೆ. ಈಗ ಸ್ವರ ತಟ್ಟನೆ ತೆರೆದುಕೊಳ್ಳುತ್ತದೆ, ಅರಳಿ ಬೇಗ ಸರಿದು ಮುಂದಿನದಕ್ಕೆ ಜಾಗ ಬಿಡುತ್ತದೆ. ಕಾರ್ಡ್ ಹಿಡಿದರೆ ಆರು ತಂತಿಯೂ ಬೇರೆ ಬೇರೆ ಕೇಳುತ್ತವೆ. ಹಾಡಿನ ಜೊತೆ ನುಡಿಸುವವರಿಗೆ ಹೇಳಿ ಮಾಡಿಸಿದ್ದು. ದೊಡ್ಡಪ್ಪ ಇದನ್ನೇ ಯಾಕೆ ಕೊನೆಯವರೆಗೂ ಇಟ್ಟುಕೊಂಡರು ಎಂದು ಅರ್ಥವಾಯಿತು.

ಹಳೆಯ ಮರ ಎನ್ನುವ ಕಾರಣಕ್ಕೇ ಹೀಗೆ ಕೇಳುತ್ತದೆಯೇ? ವಯಸ್ಸಾದಂತೆ ಮರದೊಳಗಿನ ಹೆಮಿಸೆಲ್ಯುಲೋಸ್ ನಿಧಾನವಾಗಿ ಒಡೆಯುತ್ತದೆ, ಮರ ಮೊದಲಿನಷ್ಟು ತೇವ ಹೀರುವುದಿಲ್ಲ ಎನ್ನುವುದು ನಿಜ. ಆದರೆ ಮರದ ಹೆಸರಿಗೆ ನಾವು ಕೊಡುವ ಶ್ರೇಯಸ್ಸು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. 2018ರಲ್ಲಿ ಬ್ರಿಟನ್ನಿನ ಲಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು, ಬೆನ್ನು ಮತ್ತು ಪಕ್ಕೆಯ ಮರ ಮಾತ್ರ ಬೇರೆಯಿರುವ ಆರು ಗಿಟಾರ್‌ಗಳನ್ನು 52 ಗಿಟಾರ್ ವಾದಕರಿಗೆ ಕಣ್ಣಿಗೆ ಕಾಣದಂತೆ ಕೊಟ್ಟು ನುಡಿಸಲು ಹೇಳಿದರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ನನ್ನ ಅನುಭವವೂ ಅದರ ಪಕ್ಕದಲ್ಲೇ ನಿಲ್ಲುತ್ತದೆ. ನಮ್ಮ ಗಿಟಾರಿನ ಮರ ಮೊದಲೂ ಅದೇ, ಈಗಲೂ ಅದೇ, ವಯಸ್ಸೂ ಅದೇ. ಬದಲಾದದ್ದು ಆ 56 ಗ್ರಾಂ, ನೆಕ್ಕಿನ ಕೋನ, ತಂತಿ ಸ್ಯಾಡಲಿನ ಮೇಲೆ ಒತ್ತುವ ರೀತಿ.

ಒಂದು ಅಳುಕು ಉಳಿದಿದೆ. ಬ್ರಿಡ್ಜಿನ ಹಿಂದೆ ಟಾಪ್ ಸ್ವಲ್ಪ ಉಬ್ಬಿದೆ. ಹಗುರವಾಗಿ ಕಟ್ಟಿದ ಗಿಟಾರಿಗೆ ಅಷ್ಟು ಉಬ್ಬು ಸಹಜ, ಬೆಳೆಯದಿದ್ದರೆ ಸರಿ ಎಂದಿದ್ದಾರೆ ಮೇಷ್ಟ್ರು. ಅದಕ್ಕೇ ತಿಂಗಳಿಗೊಮ್ಮೆ ಪಟ್ಟಿ ಇಟ್ಟು ಅಳೆದು, ಆ್ಯಕ್ಷನ್ ಮತ್ತು ತೇವದ ಅಂಕಿಯ ಜೊತೆ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಏಳು ತಿಂಗಳಾಯಿತು. ಮೊನ್ನೆ ಬರೆದದ್ದು: ಆರನೇ ತಂತಿ 2.5, ಮೊದಲ ತಂತಿ 1.8, ತೇವ 47, ಬ್ರಿಡ್ಜಿನ ಅಡಿಗೆ ಹಾಳೆ ಹೋಗಲಿಲ್ಲ.